ಮನೆಯ ಹಿರಿಯರ ಮಾತ್ರೆ ಡಬ್ಬಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸಂಜೆ ಹೊತ್ತು ಮಗನೋ ಸೊಸೆಯೋ ಮೆಡಿಕಲ್ ಶಾಪಿಗೆ ಬಂದು ಪ್ಲಾಸ್ಟಿಕ್ ಕವರಿನಿಂದ ಖಾಲಿ ಶೀಟುಗಳನ್ನು ಕೌಂಟರ್ ಮೇಲೆ ಸುರಿಯುತ್ತಾರೆ. "ಇದೆಲ್ಲಾ ಅಮ್ಮಂದು, ಒಂದು ತಿಂಗಳಿಗೆ ಕೊಟ್ಬಿಡಿ." ಯಾವುದು ಯಾತಕ್ಕೆ ಅಂತ ಕೇಳಿದರೆ ಎರಡು ಮೂರಕ್ಕೆ ಉತ್ತರ ಬರುತ್ತದೆ. ಉಳಿದದ್ದಕ್ಕೆ, "ಅದೇನೋ ಗೊತ್ತಿಲ್ಲ, ಮುಂಚಿನಿಂದಲೂ ತಗೊಳ್ತಾರೆ." ನಾನು ಫಾರ್ಮಸಿಸ್ಟ್, ಈ "ಮುಂಚಿನಿಂದಲೂ" ಅನ್ನುವ ಮಾತಿನ ಮೇಲೆ ನನಗೆ ಸ್ವಲ್ಪ ಸಿಟ್ಟಿದೆ. ಜನ ಕೌಂಟರಿನಲ್ಲಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ, ಕೇಳಬೇಕಿತ್ತು ಅಂತ ನನಗೆ ಅನ್ನಿಸಿದ ಕೆಲವನ್ನೂ ಹಾಕಿದ್ದೇನೆ. ಇದನ್ನು ಓದಿ ಮನೆಯಲ್ಲೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಡಾಕ್ಟರ ಹತ್ತಿರ ಹೋಗುವ ಮುಂಚೆ ಓದಿಕೊಂಡು ಹೋಗಿ, ಅಷ್ಟೇ.

ದಿನಕ್ಕೆ ಎಷ್ಟು ಮಾತ್ರೆ ಆದರೆ ಜಾಸ್ತಿ ಅನ್ನಬೇಕು?

5 ಅಥವಾ ಅದಕ್ಕಿಂತ ಹೆಚ್ಚು ಬಗೆಯ ಔಷಧಿ ಇದ್ದರೆ ಒಮ್ಮೆ ಕೂತು ನೋಡಿ ಅನ್ನುವುದು ವೈದ್ಯರಲ್ಲಿ ರೂಢಿ. ಆದರೆ ಎಣಿಕೆಯೇ ರೋಗವಲ್ಲ. ಹಾರ್ಟ್ ಅಟ್ಯಾಕ್ ಆದವರಿಗೆ ಐದು ಮಾತ್ರೆಯೂ ನಿಜವಾಗಿ ಬೇಕಾಗಿರಬಹುದು, ಮೂರೇ ಮೂರು ನುಂಗುವ ಅಜ್ಜಿಗೆ ಅದರಲ್ಲಿ ಒಂದು ದಂಡವಾಗಿರಬಹುದು.

ಹೇಗೆ ಸೇರಿಕೊಳ್ಳುತ್ತವೆ ಅಂತ ನೋಡಿದರೆ ಅರ್ಥವಾಗುತ್ತದೆ. ಬಿಪಿಗೆ ಒಬ್ಬ ಡಾಕ್ಟರ್, ಮಂಡಿಗೆ ಇನ್ನೊಬ್ಬರು, ತಲೆಸುತ್ತಿಗೆ ಕಿವಿ ಡಾಕ್ಟರ್, ಮಧ್ಯೆ ನಾಲ್ಕು ದಿನ ಆಸ್ಪತ್ರೆ ಸೇರಿದಾಗ ಡಿಸ್ಚಾರ್ಜ್ ಚೀಟಿಯಲ್ಲಿ ಆರು. ಎಲ್ಲರೂ ಸೇರಿಸುತ್ತಾರೆ. ತೆಗೆಯುವುದು ಯಾರ ಕೆಲಸ ಅಂತ ಯಾರಿಗೂ ಗೊತ್ತಿಲ್ಲ, ಇನ್ನೊಬ್ಬ ಡಾಕ್ಟರ್ ಬರೆದದ್ದನ್ನು ಮುಟ್ಟಲು ಹಿಂಜರಿಕೆ ಬೇರೆ. ಹೀಗೆ ತೆಗೆಯುವ ಕೆಲಸಕ್ಕೆ ಇಂಗ್ಲಿಷಿನಲ್ಲಿ ಡೀಪ್ರಿಸ್ಕ್ರೈಬಿಂಗ್ ಅಂತ ಹೆಸರಿದೆ, ಅದೂ 2003ರಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಪದ. ನಾನು ಸುಮ್ನೆ "ಮಾತ್ರೆ ಇಳಿಸುವುದು" ಅನ್ನುತ್ತೇನೆ.

ಅಪ್ಪ 20 ವರ್ಷದಿಂದ ಅದೇ ಮಾತ್ರೆ ತಗೊಳ್ತಿದ್ದಾರೆ. ಆಗ ಆಗದ ತೊಂದರೆ ಈಗ ಯಾಕೆ ಆಗುತ್ತೆ?

ಮಾತ್ರೆ ಅದೇ, ಮೈ ಅದೇ ಅಲ್ಲ.

ಮೊದಲನೆಯದು ಕಿಡ್ನಿ. ರಿಪೋರ್ಟಿನಲ್ಲಿ ಕ್ರಿಯಾಟಿನಿನ್ (ಕಿಡ್ನಿ ರಕ್ತದಿಂದ ಹೊರಹಾಕಬೇಕಾದ ಕಸ) 1.0 ಇದೆ, ನಾರ್ಮಲ್ ಅಂತ ಎಲ್ಲರೂ ಸಮಾಧಾನ ಪಟ್ಟುಕೊಳ್ಳುತ್ತಾರೆ. ಒಂದು ಲೆಕ್ಕ ಹೇಳುತ್ತೇನೆ ಕೇಳಿ. 30 ವರ್ಷದ, 70 ಕೆಜಿ ತೂಕದ ಗಂಡಸಿಗೆ ಕ್ರಿಯಾಟಿನಿನ್ 1.0 ಇದ್ದರೆ, ಔಷಧಿಯ ಪ್ರಮಾಣ ನಿರ್ಧರಿಸಲು ಬಳಸುವ ಸೂತ್ರದ ಪ್ರಕಾರ ಕಿಡ್ನಿ ನಿಮಿಷಕ್ಕೆ ಸುಮಾರು 107 ಮಿಲಿಲೀಟರ್ ಶುದ್ಧ ಮಾಡುತ್ತಿದೆ. 82 ವರ್ಷದ, 42 ಕೆಜಿಯ ಅಜ್ಜಿಗೂ ಅದೇ 1.0 ಇದ್ದರೆ ಅದೇ ಸೂತ್ರದಲ್ಲಿ ಬರುವ ಉತ್ತರ ಸುಮಾರು 29. ಕ್ರಿಯಾಟಿನಿನ್ ಬರುವುದು ಮಾಂಸಖಂಡದಿಂದ. ಅಜ್ಜಿಯ ಮೈಯಲ್ಲಿ ಮಾಂಸಖಂಡ ಕರಗಿರುವುದರಿಂದ ಅಂಕಿ ಚೆನ್ನಾಗಿ ಕಾಣುತ್ತದೆ. ಕಿಡ್ನಿಯಿಂದ ಹೊರಹೋಗಬೇಕಾದ ಔಷಧಿ ಒಳಗೇ ಉಳಿಯುತ್ತಾ ಹೋಗುತ್ತದೆ.

ಎರಡನೆಯದು, ವಯಸ್ಸಾದಂತೆ ಮೈಯಲ್ಲಿ ನೀರಿನಂಶ ಕಡಿಮೆಯಾಗಿ ಕೊಬ್ಬಿನ ಪಾಲು ಹೆಚ್ಚುತ್ತದೆ. ಕೊಬ್ಬಿನಲ್ಲಿ ಕೂರುವ ಔಷಧಿಗಳು ಬೇಗ ಬಿಟ್ಟು ಹೋಗುವುದಿಲ್ಲ. ಆತಂಕಕ್ಕೆ, ನಿದ್ದೆಗೆ ಕೊಡುವ ಡಯಾಜೆಪಾಮ್ ಅನ್ನುವ ಮಾತ್ರೆ 20ರ ಹರೆಯದವರ ರಕ್ತದಲ್ಲಿ ಸುಮಾರು 20 ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ, 80ರ ಹತ್ತಿರದವರಲ್ಲಿ ಅದಕ್ಕೆ ಮೂರು ನಾಲ್ಕು ದಿನ ಬೇಕು. ದಿನಾ ಒಂದು ಕೊಟ್ಟರೆ ಲೆಕ್ಕ ಹಾಕಿ.

ಹಾಗಾದರೆ ನಾವೇ ಒಂದೊಂದಾಗಿ ನಿಲ್ಲಿಸಿ ನೋಡಬಹುದಾ?

ಬೇಡ. ಕೆಲವು ಮಾತ್ರೆಗಳನ್ನು ತಟ್ಟನೆ ಬಿಟ್ಟರೆ ಅವು ಸೇಡು ತೀರಿಸಿಕೊಳ್ಳುತ್ತವೆ. ಬಿಪಿಗೆ, ಹೃದಯಕ್ಕೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್ ಬಿಟ್ಟರೆ ಎದೆಬಡಿತ ಏರಿ ಎದೆನೋವು ಬರಬಹುದು. ಕ್ಲೋನಿಡಿನ್ ಬಿಟ್ಟರೆ ಬಿಪಿ ಒಂದೇ ಸಲ ಮೇಲಕ್ಕೆ. ತಿಂಗಳುಗಟ್ಟಲೆ ತೆಗೆದುಕೊಂಡ ಸ್ಟೀರಾಯ್ಡ್ ಬಿಟ್ಟರೆ ಮೈ ಕುಸಿದು ಬೀಳಬಹುದು, ಯಾಕೆಂದರೆ ಅಷ್ಟರಲ್ಲಿ ದೇಹ ತನ್ನದೇ ಸ್ಟೀರಾಯ್ಡ್ ಮಾಡುವುದನ್ನು ಮರೆತಿರುತ್ತದೆ. ಫಿಟ್ಸ್ ಮಾತ್ರೆ, ನಿದ್ದೆ ಮಾತ್ರೆ, ಖಿನ್ನತೆಯ ಮಾತ್ರೆ, ಪಾರ್ಕಿನ್ಸನ್ ಮಾತ್ರೆ, ಇನ್ಸುಲಿನ್, ಇವೂ ಅಷ್ಟೇ.

ನನಗೆ ಜಾಸ್ತಿ ಭಯ ಆಗುವುದು ಸ್ಟೆಂಟ್ ಹಾಕಿಸಿಕೊಂಡವರ ವಿಷಯದಲ್ಲಿ. ಹಲ್ಲು ಕೀಳಿಸಬೇಕು, ರಕ್ತ ನಿಲ್ಲಲ್ಲ ಅಂತ ಯಾರೋ ಹೇಳಿದರು ಅಂತ ರಕ್ತ ತೆಳು ಮಾಡುವ ಮಾತ್ರೆಯನ್ನು ತಾವೇ ನಾಲ್ಕು ದಿನ ಬಿಡುತ್ತಾರೆ. ಸ್ಟೆಂಟ್ ಒಳಗೆ ರಕ್ತ ಹೆಪ್ಪುಗಟ್ಟಲು ಅಷ್ಟು ಸಾಕು. ಹೃದಯದ ಡಾಕ್ಟರಿಗೆ ಒಂದು ಫೋನ್ ಮಾಡದೆ ಅದನ್ನು ಬಿಡಲೇಬಾರದು.

ಸರಿ, ಡಾಕ್ಟರ ಹತ್ತಿರ ಮೊದಲು ಯಾವುದರ ಬಗ್ಗೆ ಕೇಳಲಿ?

ಇದಕ್ಕೆ ಪಟ್ಟಿಗಳೇ ಇವೆ. ಅಮೆರಿಕದ ವೈದ್ಯ ಮಾರ್ಕ್ ಬಿಯರ್ಸ್ 1991ರಲ್ಲಿ, ವಯಸ್ಸಾದವರಿಗೆ ಆದಷ್ಟು ಕೊಡಬಾರದ ಔಷಧಿಗಳ ಪಟ್ಟಿ ಮಾಡಿದರು. ಇವತ್ತಿಗೂ ಅದನ್ನು ಬಿಯರ್ಸ್ ಪಟ್ಟಿ ಅಂತಲೇ ಕರೆಯುತ್ತಾರೆ, 2023ರಲ್ಲೂ ಪರಿಷ್ಕರಿಸಿದ್ದಾರೆ. ನಮ್ಮಲ್ಲಿ ಕೌಂಟರಿಗೆ ಬರುವ ಚೀಟಿಗಳನ್ನು ನೋಡಿ ಹೇಳುವುದಾದರೆ ನಿದ್ದೆ ಮಾತ್ರೆ, ಗ್ಯಾಸ್ ಮಾತ್ರೆ, ತಲೆಸುತ್ತಿನ ಮಾತ್ರೆ, ನೋವಿನ ಮಾತ್ರೆ, ಇವು ನಾಲ್ಕರಿಂದ ಶುರು ಮಾಡಿ. ಬಿಪಿ, ಶುಗರ್ ಆಮೇಲೆ.

ಅಮ್ಮನಿಗೆ ನಿದ್ದೆ ಮಾತ್ರೆ ಇಲ್ಲದೆ ನಿದ್ದೆಯೇ ಬರಲ್ಲ. ಅರ್ಧ ಮಾತ್ರೆ ತಾನೇ, ಏನಾಗುತ್ತೆ?

ರಾತ್ರಿ 2 ಗಂಟೆಗೆ ಬಚ್ಚಲಿಗೆ ಎದ್ದಾಗ ಬೀಳುತ್ತಾರೆ. ಸೊಂಟದ ಮೂಳೆ ಮುರಿಯುತ್ತದೆ. ಇದೇ ಆಗುವುದು.

ಅಲ್ಪ್ರಾಜೋಲಾಮ್, ಕ್ಲೋನಾಜೆಪಾಮ್, ಲೋರಾಜೆಪಾಮ್, ಜೋಲ್ಪಿಡೆಮ್, ಈ ಹೆಸರುಗಳಲ್ಲಿ ಒಂದು ನಿಮ್ಮ ಮನೆಯ ಶೀಟಿನ ಮೇಲೆ ಇರಬಹುದು. ಇವು ಬೀಳುವ ಅಪಾಯ ಹೆಚ್ಚಿಸುತ್ತವೆ, ಮರೆವು ಹೆಚ್ಚಿಸುತ್ತವೆ, ಹಗಲಲ್ಲಿ ಮಂಕು ಕವಿಸುತ್ತವೆ. ಆ ಮಂಕನ್ನು ನೋಡಿ "ವಯಸ್ಸಾಯ್ತು" ಅಂತ ನಾವು ಅಂದುಕೊಳ್ಳುತ್ತೇವೆ. ಬಹಳ ಸಲ ಶುರುವಾದ ಕಾರಣವೂ ಮರೆತು ಹೋಗಿರುತ್ತದೆ. ಯಜಮಾನರು ತೀರಿಕೊಂಡಾಗ ಹತ್ತು ದಿನಕ್ಕೆ ಅಂತ ಕೊಟ್ಟದ್ದು, ಈಗ ಹನ್ನೊಂದನೇ ವರ್ಷ.

ಬಿಡಿಸಬಹುದು, ನಿಧಾನವಾಗಿ. ಡಾಕ್ಟರುಗಳು ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ ಸುಮಾರು ಕಾಲು ಭಾಗದಂತೆ ಇಳಿಸುತ್ತಾರೆ, ಕೊನೆಕೊನೆಗೆ ಇನ್ನೂ ನಿಧಾನ. ಆ ದಿನಗಳಲ್ಲಿ ನಿದ್ದೆ ಕೆಡುತ್ತದೆ, ಸಿಡಿಮಿಡಿ ಇರುತ್ತದೆ. ಅದು ಹಳೇ ಕಾಯಿಲೆ ವಾಪಸ್ ಬಂದದ್ದಲ್ಲ, ಮಾತ್ರೆ ಬಿಡುವಾಗಿನ ಸಂಕಟ. ಮನೆಯವರು ಇಲ್ಲೇ ಸೋಲುತ್ತಾರೆ, ಮೂರನೇ ರಾತ್ರಿಗೆ "ಪಾಪ, ಕೊಟ್ಬಿಡು" ಅಂತ. ಮಧ್ಯಾಹ್ನ ಊಟ ಆದ ಮೇಲಿನ ಎರಡು ಗಂಟೆ ನಿದ್ದೆ ಕಡಿಮೆ ಮಾಡಿಸಿ, ಸಂಜೆ ಕಾಫಿ ಬಿಡಿಸಿ, ಬೆಳಿಗ್ಗೆ ಬಿಸಿಲಿನಲ್ಲಿ ಸ್ವಲ್ಪ ನಡೆಸಿ. ಮತ್ತೆ, 80 ವರ್ಷದವರಿಗೆ ರಾತ್ರಿ ಐದಾರು ಗಂಟೆ ನಿದ್ದೆ ಬಂದರೆ ಅದು ಕಾಯಿಲೆಯಲ್ಲ. ಎಂಟು ಗಂಟೆಗೇ ದೀಪ ಆರಿಸಿ ಮಲಗಿದರೆ ಎರಡಕ್ಕೆ ಎಚ್ಚರ ಆಗದೆ ಇನ್ನೇನಾಗುತ್ತದೆ?

ಕೆನಡಾದ ಕ್ವಿಬೆಕ್‌ನಲ್ಲಿ ಮಾಡಿದ, 2014ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ತುಂಬಾ ಇಷ್ಟ. 65 ದಾಟಿದ, ಬಹಳ ಕಾಲದಿಂದ ಇಂಥ ಮಾತ್ರೆ ನುಂಗುತ್ತಿದ್ದ 303 ಜನರಲ್ಲಿ ಒಂದು ಗುಂಪಿಗೆ ಒಂದು ಪುಸ್ತಿಕೆ ಕೊಟ್ಟರು. ಮಾತ್ರೆಯ ಅಪಾಯ ಏನು, ಹೇಗೆ ಇಳಿಸುವುದು ಅಂತ ಅದರಲ್ಲಿತ್ತು, ಅಷ್ಟೇ. ಆರು ತಿಂಗಳಲ್ಲಿ ಆ ಗುಂಪಿನ 27% ಜನ ಪೂರ್ತಿ ಬಿಟ್ಟಿದ್ದರು, ಪುಸ್ತಿಕೆ ಸಿಗದವರಲ್ಲಿ ಬರೀ 5%. ಅಂದರೆ ಹಿರಿಯರಿಗೆ ಬಿಡೋಕೆ ಆಗಲ್ಲ ಅನ್ನುವುದು ಪೂರ್ತಿ ನಿಜವಲ್ಲ, ಯಾರೂ ಅವರಿಗೆ ಕೂರಿಸಿ ಹೇಳಿಲ್ಲ.

ಇನ್ನೊಂದು ಮಾತು. ಈ ಮಾತ್ರೆಗಳಲ್ಲಿ ಅಲ್ಪ್ರಾಜೋಲಾಮ್, ಜೋಲ್ಪಿಡೆಮ್ ಥರದವು ಶೆಡ್ಯೂಲ್ ಎಚ್1 ಅನ್ನುವ, ಚೀಟಿ ಇಲ್ಲದೆ ಮಾರಬಾರದ ಔಷಧಿಗಳ ಸರ್ಕಾರಿ ಪಟ್ಟಿಯಲ್ಲಿ ಬರುತ್ತವೆ. 2014ರಿಂದ ಇವನ್ನು ಕೊಟ್ಟಾಗಲೆಲ್ಲ ನಾವು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. "ಹಳೇ ಚೀಟಿ ಇದೆಯಲ್ಲ, ಕೊಡ್ರೀ" ಅಂತ ನನ್ನ ಹತ್ತಿರ ಜಗಳ ಆಡಿ ಪ್ರಯೋಜನ ಇಲ್ಲ.

ಗ್ಯಾಸ್ ಮಾತ್ರೆ ನಿರಪಾಯ ಅಲ್ವಾ? ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು, ಎಷ್ಟೋ ವರ್ಷದಿಂದ…

ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್, ಒಮೆಪ್ರಜೋಲ್, ಇವು ಒಳ್ಳೆಯ ಔಷಧಿಗಳೇ. ಹುಳಿತೇಗು, ಎದೆಯುರಿಗೆ ಸಾಮಾನ್ಯವಾಗಿ ನಾಲ್ಕರಿಂದ ಎಂಟು ವಾರ ಸಾಕು. ಆದರೆ ನಮ್ಮಲ್ಲಿ ಯಾವ ಚೀಟಿ ಬರೆದರೂ ಮೇಲೊಂದು ಗ್ಯಾಸ್ ಮಾತ್ರೆ, ಊಟದ ಜೊತೆ ಉಪ್ಪಿನಕಾಯಿ ಇದ್ದ ಹಾಗೆ. ಉಳಿದ ಮಾತ್ರೆ ಮುಗಿದರೂ ಉಪ್ಪಿನಕಾಯಿ ಮುಂದುವರಿಯುತ್ತದೆ.

ವರ್ಷಗಟ್ಟಲೆ ತೆಗೆದುಕೊಂಡರೆ ಬಿ12 ಮತ್ತು ಮೆಗ್ನೀಷಿಯಂ ಇಳಿಯಬಹುದು. ಇಲ್ಲೊಂದು ನಮ್ಮ ಮನೆಗಳದ್ದೇ ಸಮಸ್ಯೆ ಇದೆ. ಸಸ್ಯಾಹಾರಿಗಳಲ್ಲಿ ಮೊದಲೇ ಬಿ12 ಕಡಿಮೆ. ಶುಗರಿಗೆ ತೆಗೆದುಕೊಳ್ಳುವ ಮೆಟ್‌ಫಾರ್ಮಿನ್ ಕೂಡ ಬಿ12 ಇಳಿಸುತ್ತದೆ. ಮೇಲೆ ಗ್ಯಾಸ್ ಮಾತ್ರೆ. ಮೂರೂ ಸೇರಿ ಪಾದ ಜೋಮು, ಉರಿ, ನಡೆಯುವಾಗ ತೂಗಾಟ ಶುರುವಾಗುತ್ತದೆ, ಎಲ್ಲರೂ "ಶುಗರಿಂದ ನರ ಹೋಗಿದೆ" ಅಂದುಬಿಡುತ್ತಾರೆ. ಒಂದು ಬಿ12 ಪರೀಕ್ಷೆ ಮಾಡಿಸಿ ಅಂತ ಕೇಳಿ.

ಇದಕ್ಕಿಂತ ಮುಖ್ಯವಾದದ್ದು, ಶೀಟಿನ ಮೇಲಿನ ಹೆಸರಿನ ಬಾಲ. ಕೊನೆಗೆ "ಡಿ" ಇದ್ದರೆ ಸಾಮಾನ್ಯವಾಗಿ ಡೊಂಪೆರಿಡೋನ್ ಸೇರಿದೆ ಅಂತ ಅರ್ಥ, ಅದು ಕೆಲವು ಹಿರಿಯರಲ್ಲಿ ಹೃದಯದ ಬಡಿತದ ಲಯ ಕೆಡಿಸಬಹುದು. "ಎಲ್" ಇದ್ದರೆ ಬಹಳ ಸಲ ಲೆವೊಸಲ್ಪಿರೈಡ್. ಈ ಲೆವೊಸಲ್ಪಿರೈಡನ್ನು ತಿಂಗಳುಗಟ್ಟಲೆ ತೆಗೆದುಕೊಂಡ ವಯಸ್ಸಾದವರಲ್ಲಿ ಕೈ ನಡುಕ, ಮುಖದಲ್ಲಿ ಭಾವನೆಯೇ ಇಲ್ಲದ ಹಾಗೆ ಆಗುವುದು, ಪುಟ್ಟ ಪುಟ್ಟ ಹೆಜ್ಜೆ, ಎಲ್ಲ ಪಾರ್ಕಿನ್ಸನ್ ಕಾಯಿಲೆಯ ಹಾಗೇ ಬರಬಹುದು. ಗುರುತಿಸಿ ನಿಲ್ಲಿಸಿದರೆ ಹೆಚ್ಚಿನವರಲ್ಲಿ ವಾರಗಳಲ್ಲೋ ತಿಂಗಳುಗಳಲ್ಲೋ ಇಳಿಯುತ್ತದೆ. ಗುರುತಿಸದಿದ್ದರೆ ಪಾರ್ಕಿನ್ಸನ್ ಮಾತ್ರೆ ಸೇರಿಕೊಳ್ಳುತ್ತದೆ.

ಗ್ಯಾಸ್ ಮಾತ್ರೆಯನ್ನು ಒಮ್ಮೆಲೇ ಬಿಟ್ಟರೆ ಕೆಲವು ವಾರ ಆಸಿಡ್ ಮೊದಲಿಗಿಂತ ಜಾಸ್ತಿ ಉಕ್ಕುತ್ತದೆ. ಅದಕ್ಕೆ ಡೋಸ್ ಅರ್ಧ ಮಾಡಿ, ಆಮೇಲೆ ದಿನ ಬಿಟ್ಟು ದಿನ, ಆಮೇಲೆ ಉರಿ ಬಂದಾಗ ಮಾತ್ರ, ಹೀಗೆ ಇಳಿಸುತ್ತಾರೆ. ಆದರೆ ಹಿಂದೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗಿದ್ದವರು, ಆಸ್ಪಿರಿನ್ ಜೊತೆ ಕ್ಲೋಪಿಡೋಗ್ರೆಲ್ (ಎರಡೂ ರಕ್ತ ತೆಳು ಮಾಡುವ ಮಾತ್ರೆ) ತೆಗೆದುಕೊಳ್ಳುವವರು ಇದನ್ನು ಬಿಡಬಾರದು, ಅವರಿಗೆ ಅದು ಕಾವಲು.

ಒಂದು ಮಾತ್ರೆಯ ತೊಂದರೆಗೆ ಇನ್ನೊಂದು ಮಾತ್ರೆ ಕೊಡ್ತಾರೆ ಅಂತಾರಲ್ಲ, ಅದು ನಿಜವಾ?

ನಿಜ. ಬೇಕೆಂದು ಮಾಡುವುದಲ್ಲ, ಹೊಸ ಕಾಯಿಲೆ ಅಂತ ಮೋಸಹೋಗುವುದು. ಅಮ್ಲೋಡಿಪಿನ್ ತುಂಬಾ ಬಳಸುವ ಬಿಪಿ ಮಾತ್ರೆ. ಕೆಲವರಿಗೆ ಅದರಿಂದ ಪಾದ ಊದುತ್ತದೆ. ಊತಕ್ಕೆ ಅಂತ ಮೂತ್ರ ಹೋಗುವ ಮಾತ್ರೆ ಕೊಡುತ್ತಾರೆ. ಈ ಊತ ಮೈಯಲ್ಲಿ ನೀರು ಜಾಸ್ತಿಯಾಗಿ ಬಂದದ್ದಲ್ಲ, ರಕ್ತನಾಳ ಹಿಗ್ಗಿ ಬಂದದ್ದು, ಹಾಗಾಗಿ ಇಳಿಯುವುದೂ ಕಷ್ಟ. ಆದರೆ ಮೂತ್ರಕ್ಕೆ ಪದೇ ಪದೇ ಏಳಬೇಕು, ಪೊಟ್ಯಾಷಿಯಂ ಇಳಿಯುತ್ತದೆ, ಸುಸ್ತು. ಎದ್ದು ನಿಂತರೆ ತಲೆಸುತ್ತು. ತಲೆಸುತ್ತಿಗೆ ಸಿನ್ನರಿಜಿನ್ ಅಥವಾ ಪ್ರೋಕ್ಲೋರ್‌ಪೆರಜಿನ್. ಅದನ್ನು ಮೂರು ದಿನದ ಬದಲು ಮೂರು ವರ್ಷ ತೆಗೆದುಕೊಂಡರೆ ಆಗಲೇ ಹೇಳಿದ ನಡುಕ. ಶುರುವಾಗಿದ್ದು ಎಲ್ಲಿ, ಬಂದು ನಿಂತದ್ದು ಎಲ್ಲಿ ನೋಡಿ. ಮೊದಲ ದಿನವೇ ಅಮ್ಲೋಡಿಪಿನ್ ಡೋಸ್ ಕಡಿಮೆ ಮಾಡಿದ್ದರೆ ಅಥವಾ ಬದಲಿಸಿದ್ದರೆ ಮುಗಿದು ಹೋಗುತ್ತಿತ್ತು.

ಹಾಗಾಗಿ ಹೊಸ ತೊಂದರೆ ಬಂದಾಗ ಡಾಕ್ಟರಿಗೆ ಕೇಳುವ ಮೊದಲ ಪ್ರಶ್ನೆ: "ಈಗ ತಗೊಳ್ತಿರೋ ಮಾತ್ರೆಗಳಿಂದಲೇ ಇದು ಬಂದಿರಬಹುದಾ?"

ಮಂಡಿನೋವಿಗೆ ದಿನಾ ಒಂದು ನೋವಿನ ಮಾತ್ರೆ ತಗೊಳ್ಳದೆ ಅಜ್ಜ ಏಳೋದೇ ಇಲ್ಲ.

ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್, ಇವು ಬಿಪಿ ಏರಿಸುತ್ತವೆ, ಹೊಟ್ಟೆಯಲ್ಲಿ ರಕ್ತ ಬರಿಸುತ್ತವೆ, ಹೃದಯ ಸೋತವರಲ್ಲಿ ನೀರು ತುಂಬಿಸುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ಕಿಡ್ನಿಗೆ. ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆ, ಮೂತ್ರ ಹೋಗುವ ಮಾತ್ರೆ, ಜೊತೆಗೆ ಇದು, ಮೂರೂ ಒಟ್ಟಿಗೆ ಬಿದ್ದರೆ ಕಿಡ್ನಿ ಕೆಲವೇ ದಿನದಲ್ಲಿ ಕೈಕೊಡಬಹುದು, ಅದೂ ಬೇಸಿಗೆಯಲ್ಲಿ ನೀರು ಕಡಿಮೆ ಕುಡಿದಾಗ.

ರಾಮನಗರದ ರಾಮದೇವರ ಬೆಟ್ಟದಲ್ಲಿ ಹದ್ದುಗಳಿಗೆ, ಅಂದರೆ ರಣಹದ್ದುಗಳಿಗೆ, ಒಂದು ಧಾಮ ಇರುವುದು ಗೊತ್ತಿರಬಹುದು. ದೇಶದಲ್ಲಿ ರಣಹದ್ದುಗಳು ಹೆಚ್ಚುಕಡಿಮೆ ಅಳಿದು ಹೋಗಿದ್ದು ಇದೇ ಡೈಕ್ಲೋಫೆನಾಕ್‌ನಿಂದ. ದನಗಳಿಗೆ ಕೊಟ್ಟಿದ್ದು, ಸತ್ತ ದನ ತಿಂದ ಹದ್ದುಗಳ ಕಿಡ್ನಿ ಹೋಯಿತು. 2006ರಲ್ಲಿ ದನಗಳಿಗೆ ಕೊಡುವುದನ್ನು ನಿಷೇಧಿಸಿದರು. ಮನುಷ್ಯರ ಕಿಡ್ನಿ ಹದ್ದಿನದಕ್ಕಿಂತ ಗಟ್ಟಿ, ಒಪ್ಪಿದೆ, ಆದರೂ ಈ ಕಥೆ ಹೇಳಿದ ಮೇಲೆ ಅಜ್ಜಂದಿರು ನನ್ನ ಮಾತು ಸ್ವಲ್ಪ ಕೇಳುತ್ತಾರೆ.

ಬದಲಿಗೆ ಪ್ಯಾರಾಸಿಟಮಾಲ್ ಎಷ್ಟು ಕೊಡಬಹುದು ಅಂತ ತೂಕ ಮತ್ತು ಲಿವರ್ ನೋಡಿ ಡಾಕ್ಟರ್ ಹೇಳುತ್ತಾರೆ. ಹಚ್ಚುವ ಜೆಲ್, ಬಿಸಿ ಶಾಖ, ತೊಡೆಯ ಸ್ನಾಯು ಗಟ್ಟಿಯಾಗುವ ವ್ಯಾಯಾಮ, ಒಂದು ಊರುಗೋಲು. ಊರುಗೋಲು ಅಂದರೆ ಎಲ್ಲರಿಗೂ ಅವಮಾನ, ಮಾತ್ರೆ ಅಂದರೆ ಇಲ್ಲ!

ಶುಗರ್ ಕಂಟ್ರೋಲ್‌ನಲ್ಲಿ ಇರಲೇಬೇಕಲ್ವಾ? ಕಡಿಮೆ ಇದ್ದಷ್ಟೂ ಒಳ್ಳೆಯದು ತಾನೇ?

50 ವರ್ಷದವರಿಗೆ ಹೇಳುವ ಮಾತನ್ನು 85ರವರಿಗೆ ಹೇಳಬಾರದು. ಗಟ್ಟಿಮುಟ್ಟಾಗಿರುವ ಹಿರಿಯರಿಗೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ಹೇಳುವ ಪರೀಕ್ಷೆ) 7ರಿಂದ 7.5ರ ಒಳಗೆ ಅಂತ ನೋಡಿದರೆ, ಹಲವು ಕಾಯಿಲೆ ಇರುವವರಿಗೆ, ಮರೆವು ಇರುವವರಿಗೆ 8ರ ಹತ್ತಿರ ಇದ್ದರೂ ಸಾಕು ಅನ್ನುತ್ತದೆ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್. ಯಾಕೆಂದರೆ ಅವರಿಗೆ ಮುಂದಿನ 15 ವರ್ಷದ ಅಪಾಯಕ್ಕಿಂತ ಇವತ್ತು ರಾತ್ರಿ ಲೋ ಶುಗರ್ ಆಗುವುದು ದೊಡ್ಡ ಅಪಾಯ. 82 ವರ್ಷದ, ಅರ್ಧ ಚಪಾತಿ ತಿನ್ನುವ ಅಜ್ಜಿಯ ರಿಪೋರ್ಟಿನಲ್ಲಿ 6.1 ಬಂದರೆ ಮನೆಯವರು ಸಿಹಿ ಹಂಚುವ ಹಾಗೆ ಸಂತೋಷ ಪಡುತ್ತಾರೆ, ನನಗೆ ಹೆದರಿಕೆ.

ಹೆಚ್ಚು ಅಪಾಯ ಗ್ಲಿಬೆನ್‌ಕ್ಲಮೈಡ್‌ನಿಂದ. ಕಿಡ್ನಿ ಸೋತವರಲ್ಲಿ ಅದು ಗಂಟೆಗಟ್ಟಲೆ ಉಳಿದು ಶುಗರ್ ಇಳಿಸುತ್ತಲೇ ಇರುತ್ತದೆ, ಬಿಯರ್ಸ್ ಪಟ್ಟಿಯಲ್ಲೂ ಇದೆ. ಗ್ಲಿಮೆಪಿರೈಡ್, ಇನ್ಸುಲಿನ್ ಕೂಡ ಜಾಗ್ರತೆ. ಏಕಾದಶಿ, ಸಂಕಷ್ಟಿ, ರಂಜಾನ್ ಉಪವಾಸ ಮಾಡುವವರು ಮುಂಚೆಯೇ ಡಾಕ್ಟರಿಗೆ ಹೇಳಬೇಕು. ಊಟ ಬಿಟ್ಟು ಮಾತ್ರೆ ನುಂಗುವುದು ತೀರಾ ಕೆಟ್ಟದ್ದು. ವಾಂತಿ ಭೇದಿ ಆದಾಗಲೂ ಹಾಗೇ, ಯಾವುದನ್ನು ಆ ದಿನಗಳಲ್ಲಿ ತಡೆಹಿಡಿಯಬೇಕು ಅಂತ ಫೋನ್ ಮಾಡಿ ಕೇಳಿ. ಮೆಟ್‌ಫಾರ್ಮಿನ್, ಡಪಾಗ್ಲಿಫ್ಲೋಜಿನ್, ಕೆಲವು ಬಿಪಿ ಮಾತ್ರೆಗಳು ಆ ಸಾಲಿಗೆ ಬರುತ್ತವೆ.

ಲೋ ಶುಗರ್ ಆದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕೊಡಿ ಅಂತ ಎಲ್ಲರಿಗೂ ಗೊತ್ತು. ಆದರೆ ಮಾತ್ರೆಯಲ್ಲಿ ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಸೇರಿದ್ದರೆ ಸಕ್ಕರೆ ಬೇಗ ಕೆಲಸ ಮಾಡಲ್ಲ, ಅದು ಸಕ್ಕರೆ ಒಡೆಯುವುದನ್ನೇ ತಡೆಯುತ್ತದೆ. ಅವರಿಗೆ ಗ್ಲೂಕೋಸ್ ಪುಡಿಯೇ ಬೇಕು. ಒಂದು ಡಬ್ಬಿ ಮನೆಯಲ್ಲಿಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ, ಆಂಬ್ಯುಲೆನ್ಸ್‌ಗೆ 108 ಒತ್ತಿ.

ಬಿಪಿ ಮಾತ್ರೆ ಜೀವನ ಪೂರ್ತಿ ಅಂತ ಹೇಳಿದ್ದರು. ಅದನ್ನೂ ಕಡಿಮೆ ಮಾಡ್ತಾರಾ?

ಕೆಲವರಿಗೆ ಮಾಡಬಹುದು. ಇಂಗ್ಲೆಂಡಿನಲ್ಲಿ 80 ದಾಟಿದ, ಎರಡು ಅಥವಾ ಹೆಚ್ಚು ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದ, ಬಿಪಿ ಹಿಡಿತದಲ್ಲಿದ್ದ 569 ಜನರ ಮೇಲೆ ಒಂದು ಪ್ರಯೋಗ ಆಯಿತು, 2020ರಲ್ಲಿ ಪ್ರಕಟವಾಯಿತು. ಅರ್ಧ ಜನಕ್ಕೆ ಒಂದು ಮಾತ್ರೆ ತೆಗೆದರು. ಮೂರು ತಿಂಗಳ ನಂತರ ತೆಗೆದವರಲ್ಲಿ 86% ಜನರ ಮೇಲಿನ ಬಿಪಿ 150ರ ಒಳಗಿತ್ತು, ತೆಗೆಯದವರಲ್ಲಿ 88%. ಹೆಚ್ಚೇನೂ ವ್ಯತ್ಯಾಸವಿಲ್ಲ. ಮೂರು ತಿಂಗಳ ಲೆಕ್ಕ ಇದು ಅನ್ನುವುದೂ ನೆನಪಿರಲಿ, ನಿಲ್ಲಿಸಿದ ಮೇಲೆ ಬಿಪಿ ನೋಡುತ್ತಲೇ ಇರಬೇಕು.

ನೀವು ಮನೆಯಲ್ಲಿ ಮಾಡಬಹುದಾದದ್ದು: ಐದು ನಿಮಿಷ ಮಲಗಿಸಿ ಬಿಪಿ ನೋಡಿ, ಎದ್ದು ನಿಲ್ಲಿಸಿ ಒಂದು ನಿಮಿಷಕ್ಕೆ ಮತ್ತು ಮೂರು ನಿಮಿಷಕ್ಕೆ ಮತ್ತೆ ನೋಡಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿ. ಕ್ಲಿನಿಕ್ಕಿನಲ್ಲಿ ಕೂರಿಸಿಯೇ ನೋಡುವುದರಿಂದ ಇದು ತಪ್ಪಿಹೋಗುತ್ತದೆ. ಪ್ರಾಸ್ಟೇಟಿಗೆ ಕೊಡುವ ಟ್ಯಾಮ್ಸುಲೋಸಿನ್ ಕೂಡ ನಿಂತಾಗ ಬಿಪಿ ಇಳಿಸಬಹುದು.

ಹೃದಯಕ್ಕೆ ಒಳ್ಳೆಯದು ಅಂತ ಆಸ್ಪಿರಿನ್ ತಗೊಳ್ತಾರೆ, ಅದಿರಲಿ ಅಲ್ವಾ?

ಯಾಕೆ ಶುರುವಾಯಿತು ಅನ್ನುವುದರ ಮೇಲೆ ನಿಂತಿದೆ. ಹಾರ್ಟ್ ಅಟ್ಯಾಕ್, ಸ್ಟೆಂಟ್, ಲಕ್ವ ಆಗಿದ್ದರೆ ಬಿಡಬಾರದು. ಇದಾವುದೂ ಇಲ್ಲದೆ ಸುಮ್ನೆ ಮುನ್ನೆಚ್ಚರಿಕೆ ಅಂತ ಇದ್ದರೆ ಕೇಳಲೇಬೇಕು. ಆಸ್ಟ್ರೇಲಿಯಾ ಮತ್ತು ಅಮೆರಿಕದಲ್ಲಿ 19,114 ಹಿರಿಯರ ಮೇಲೆ ನಡೆದ ಆಸ್ಪ್ರೀ ಅಧ್ಯಯನ 2018ರಲ್ಲಿ ಹೊರಬಂತು. ಹೃದಯ ಕಾಯಿಲೆ ಇಲ್ಲದವರಿಗೆ ದಿನಕ್ಕೆ 100 ಮಿಲಿಗ್ರಾಂ ಆಸ್ಪಿರಿನ್‌ನಿಂದ ಲಾಭ ಕಾಣಲಿಲ್ಲ, ರಕ್ತಸ್ರಾವ ಮಾತ್ರ ಜಾಸ್ತಿಯಾಯಿತು.

ಕೊಲೆಸ್ಟ್ರಾಲ್ ಮಾತ್ರೆ?

ಹಾರ್ಟ್ ಅಟ್ಯಾಕ್ ಅಥವಾ ಲಕ್ವ ಆದವರಿಗೆ ಇರಲಿ. ಅದಿಲ್ಲದೆ 75 ದಾಟಿದವರಿಗೆ ಡಾಕ್ಟರ ಜೊತೆ ಮಾತಾಡಿ ನಿರ್ಧರಿಸುವ ವಿಷಯ. ಹಾಸಿಗೆ ಹಿಡಿದು ಕೊನೆಯ ದಿನಗಳಲ್ಲಿ ಇರುವವರಿಗೆ ಬಾಯಿಗೆ ತುರುಕುವ ಅಗತ್ಯವಿಲ್ಲ.

ಕಷಾಯ, ಅರಿಷ್ಟ, ನಾಟಿ ಔಷಧಿ… ಇವನ್ನೆಲ್ಲ ಡಾಕ್ಟರಿಗೆ ಯಾಕೆ ಹೇಳಬೇಕು?

ಅವೂ ಔಷಧಿ ಅಂತ ನೀವೇ ನಂಬಿ ಕೊಡುತ್ತಿದ್ದೀರಲ್ಲ, ಅದಕ್ಕೆ. ಅರಿಷ್ಟ, ಆಸವಗಳಲ್ಲಿ ಹುದುಗಿ ಬಂದ ಆಲ್ಕೋಹಾಲ್ ಇರುತ್ತದೆ, ನಿದ್ದೆ ಮಾತ್ರೆ ಜೊತೆ ಸೇರಿದರೆ ಮಂಪರು ಹೆಚ್ಚುತ್ತದೆ. ಜೇಷ್ಠಮಧು ದಿನಾ ತಿಂದರೆ ಬಿಪಿ ಏರಬಹುದು, ಪೊಟ್ಯಾಷಿಯಂ ಇಳಿಯಬಹುದು. ಅಮೃತಬಳ್ಳಿಯಿಂದ ಲಿವರ್ ಕೆಟ್ಟ ವರದಿಗಳು ಕೋವಿಡ್ ಸಮಯದಲ್ಲಿ ಮುಂಬೈಯಿಂದ ಬಂದವು. ಹಾಗಲಕಾಯಿ ರಸ ಶುಗರ್ ಮಾತ್ರೆಯ ಜೊತೆ ಸೇರಿ ಲೋ ಮಾಡಬಹುದು. ರಕ್ತ ತೆಳು ಮಾಡುವ ವಾರ್ಫರಿನ್, ಅಸಿನೊಕೌಮರಾಲ್ ತೆಗೆದುಕೊಳ್ಳುವವರು ಸೊಪ್ಪು ಬಿಡಬೇಕಿಲ್ಲ, ಆದರೆ ಒಂದು ವಾರ ದಿನಾ ಬಸ್ಸಾರು, ಮುಂದಿನ ವಾರ ಸೊಪ್ಪೇ ಇಲ್ಲ ಅಂತ ಮಾಡಬಾರದು. ಪ್ರಮಾಣ ಹೆಚ್ಚುಕಡಿಮೆ ಒಂದೇ ಇರಲಿ.

ಅಮ್ಮ ಎರಡು ದಿನದಿಂದ ಏನೇನೋ ಮಾತಾಡ್ತಿದ್ದಾರೆ, ನಮ್ಮನ್ನೇ ಗುರುತು ಹಿಡಿತಿಲ್ಲ. ಮರೆವಿನ ಕಾಯಿಲೆಯಾ?

ಮರೆವಿನ ಕಾಯಿಲೆ ಎರಡು ದಿನದಲ್ಲಿ ಬರಲ್ಲ. ಇದು ತುರ್ತು, ಇವತ್ತೇ ತೋರಿಸಿ. ಸೋಂಕು ಇರಬಹುದು, ಸೋಡಿಯಂ ಇಳಿದಿರಬಹುದು, ಮಾತ್ರೆ ಇರಬಹುದು. ಕ್ಲೋರ್ತಾಲಿಡೋನ್, ಹೈಡ್ರೋಕ್ಲೋರೋಥಯಾಜೈಡ್ ಸೇರಿದ ಬಿಪಿ ಮಾತ್ರೆಗಳು ಸೋಡಿಯಂ ಇಳಿಸುವುದರಲ್ಲಿ ಎತ್ತಿದ ಕೈ. ಕಳೆದ ವಾರ ಏನಾದರೂ ಹೊಸದು ಶುರುವಾಯಿತಾ ಅಂತ ನೆನಪಿಸಿಕೊಳ್ಳಿ. ನೆಗಡಿಗೆ ಅಂತ ತಂದ ಕ್ಲೋರ್‌ಫೆನಿರಮಿನ್ ಇರುವ ಮಾತ್ರೆಯೂ ಸಾಕು, ಅದು ಮೂತ್ರವನ್ನೂ ಕಟ್ಟಿಸಬಹುದು, ಪ್ರಾಸ್ಟೇಟ್ ದೊಡ್ಡದಿರುವ ಅಜ್ಜಂದಿರಲ್ಲಿ ಮುಖ್ಯವಾಗಿ.

ಮೆಡಿಕಲ್‌ನಲ್ಲಿ ಬೇರೆ ಕಂಪನಿದು ಕೊಟ್ಟರು. ತಗೊಳ್ಳಬಹುದಾ?

ಕಂಪನಿ ಇಟ್ಟ ಹೆಸರು ಬೇರೆ, ಒಳಗಿನ ಔಷಧಿಯ ಹೆಸರು ಬೇರೆ. ಒಳಗಿನ ಹೆಸರು ಮತ್ತು ಮಿಲಿಗ್ರಾಂ ಒಂದೇ ಇದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ. ನಿಜವಾದ ಅಪಾಯ ಡಬಲ್ ಆಗುವುದರಲ್ಲಿ. ಆಸ್ಪತ್ರೆಯಲ್ಲಿ ಒಂದು ಹೆಸರಿನ ಟೆಲ್ಮಿಸಾರ್ಟನ್ ಕೊಟ್ಟಿರುತ್ತಾರೆ, ಮನೆಯಲ್ಲಿ ಇನ್ನೊಂದು ಹೆಸರಿನದ್ದು ಇರುತ್ತದೆ, ಅಜ್ಜಿ ಎರಡನ್ನೂ ಭಕ್ತಿಯಿಂದ ನುಂಗುತ್ತಾರೆ. ಜನೌಷಧಿ ಕೇಂದ್ರದಿಂದ ತಂದಾಗಲೂ ಹಳೇ ಶೀಟನ್ನು ಪಕ್ಕಕ್ಕಿಟ್ಟುಕೊಂಡು ಹೋಲಿಸಿ.

ಕೀಲುವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ತೆಗೆದುಕೊಂಡರೆ ಜೀವಕ್ಕೇ ಅಪಾಯ. ಶೀಟಿನ ಮೇಲೆ "ಭಾನುವಾರ ಮಾತ್ರ" ಅಂತ ದಪ್ಪ ಪೆನ್ನಿನಲ್ಲಿ ಬರೆಯಿರಿ.

ನುಂಗೋಕೆ ಆಗಲ್ಲ ಅಂತಾರೆ, ಪುಡಿ ಮಾಡಿ ಜೇನಿನಲ್ಲಿ ಕೊಡಲಾ?

ಕೇಳಿ ಮಾಡಿ. ಹೆಸರಿನ ಕೊನೆಗೆ ಎಸ್‌ಆರ್, ಎಕ್ಸ್‌ಆರ್, ಇಆರ್, ಸಿಆರ್ ಇದ್ದರೆ ಪುಡಿ ಮಾಡಬಾರದು, ಇಡೀ ದಿನದ ಔಷಧಿ ಒಂದೇ ಸಲಕ್ಕೆ ಮೈಗೆ ಇಳಿಯುತ್ತದೆ. ಥೈರಾಯ್ಡ್ ಮಾತ್ರೆಯನ್ನು ನೀರಿನಲ್ಲೇ ಕೊಡಿ, ಕಾಫಿಗೆ ಅರ್ಧ ಗಂಟೆ ಮುಂಚೆಯಾದರೂ, ಒಂದು ಗಂಟೆ ಇದ್ದರೆ ಒಳ್ಳೆಯದು. ಕ್ಯಾಲ್ಷಿಯಂ, ಕಬ್ಬಿಣದ ಮಾತ್ರೆಗೆ ಅದರಿಂದ ನಾಲ್ಕು ಗಂಟೆ ಅಂತರ.

ಡಾಕ್ಟರಿಗೆ ಹೇಗೆ ಕೇಳೋದು? "ನೀವೇ ಡಾಕ್ಟರಾ" ಅಂತ ಬೈದರೆ?

ಬೈಯುವವರೂ ಇದ್ದಾರೆ, ಸುಳ್ಳು ಹೇಳಲ್ಲ. ನಮ್ಮ ಅತ್ತೆಯವರ ಜೊತೆ ನಾನೇ ಬೈಸಿಕೊಂಡು ಬಂದಿದ್ದೇನೆ. ಆದರೆ "ಈ ಮಾತ್ರೆ ಯಾಕೆ ಕೊಟ್ರಿ" ಅಂತ ಕೇಳುವುದಕ್ಕೂ "ಡಾಕ್ಟ್ರೇ, ಇದು ಇನ್ನೂ ಬೇಕಾ, ಡೋಸ್ ಕಡಿಮೆ ಮಾಡೋಕೆ ಆಗುತ್ತಾ" ಅಂತ ಕೇಳುವುದಕ್ಕೂ ವ್ಯತ್ಯಾಸ ಇದೆ. ಮಾಮೂಲಿ ಭೇಟಿಯಲ್ಲಿ ನುಗ್ಗಿಸಬೇಡಿ, ಹೊರಗೆ ನಲವತ್ತು ಜನ ಕಾಯುತ್ತಿರುತ್ತಾರೆ. ಮಾತ್ರೆ ನೋಡಿಸೋಕೇ ಬರ್ತೀವಿ ಅಂತ ಹೇಳಿ ಬೇರೆ ದಿನ ತೆಗೆದುಕೊಳ್ಳಿ. ಮನೆಯಲ್ಲಿರುವ ಎಲ್ಲವನ್ನೂ ಒಂದು ಚೀಲಕ್ಕೆ ತುಂಬಿ ಒಯ್ಯಿರಿ: ಶೀಟು, ಸಿರಪ್ಪು, ಕಣ್ಣಿನ ಹನಿ, ಇನ್ಸುಲಿನ್, ಕಷಾಯದ ಬಾಟಲಿ, ಪಕ್ಕದ ಮನೆಯವರು ಕೊಟ್ಟದ್ದು ಸಹ. ಅಮ್ಮ ನಿಜವಾಗಿ ಯಾವುದನ್ನು ನುಂಗುತ್ತಾರೆ, ಯಾವುದನ್ನು ಕದ್ದು ಬಿಸಾಡುತ್ತಾರೆ ಅನ್ನುವುದನ್ನೂ ಹೇಳಿ. ನುಂಗದ ಮಾತ್ರೆಯನ್ನು ನುಂಗಿದ್ದಾರೆ ಅಂದುಕೊಂಡು ಡೋಸ್ ಏರಿಸುವುದು ತುಂಬಾ ಆಗುತ್ತದೆ.

ಒಂದು ಸಲಕ್ಕೆ ಒಂದೇ ಇಳಿಸಬೇಕು. ಮೂರು ಒಟ್ಟಿಗೆ ತೆಗೆದರೆ ಏನಾದರೂ ಆದಾಗ ಯಾವುದರಿಂದ ಅಂತ ಗೊತ್ತಾಗಲ್ಲ. ಇಳಿಸಿದ ತಾರೀಕು ಕ್ಯಾಲೆಂಡರಿನಲ್ಲಿ ಬರೆಯಿರಿ, ಬಿಪಿ, ಶುಗರ್, ನಿದ್ದೆ, ನೋವು ಹೇಗಿದೆ ಅಂತ ಅದರ ಪಕ್ಕದಲ್ಲೇ. ತೊಂದರೆ ಆದರೆ ವಾಪಸ್ ಶುರು ಮಾಡಬಹುದು, ಅದು ಸೋಲಲ್ಲ.

ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಹಿರಿಯರ ಆರೋಗ್ಯದ ರಾಷ್ಟ್ರೀಯ ಕಾರ್ಯಕ್ರಮದ ಅಡಿ ಹಿರಿಯರಿಗೇ ಬೇರೆ ಕ್ಲಿನಿಕ್ ಇರುತ್ತದೆ, ಯಾವ ದಿನ ಅಂತ ವಿಚಾರಿಸಿ. ಮಾತ್ರೆಯಿಂದ ಅಡ್ಡಪರಿಣಾಮ ಆದರೆ 1800-180-3024ಕ್ಕೆ ನೀವೇ ಫೋನ್ ಮಾಡಿ ದಾಖಲಿಸಬಹುದು, ಹಣ ಕಟ್ಟಬೇಕಿಲ್ಲ.

ನಾನು ಅಮೆರಿಕದಲ್ಲಿದ್ದೇನೆ, ಅಪ್ಪ ಅಮ್ಮ ಮೈಸೂರಲ್ಲಿ. ದೂರದಿಂದ ಏನು ಮಾಡಬಹುದು?

ಮೊದಲು, ಸೂಟ್‌ಕೇಸ್‌ನಲ್ಲಿ ಮಾತ್ರೆ ತರುವುದನ್ನು ಕಡಿಮೆ ಮಾಡಿ. ಅಲ್ಲಿ ಅಂಗಡಿಯಲ್ಲಿ ಸಿಗುವ, ಹೆಸರಿನ ಕೊನೆಗೆ "ಪಿಎಂ" ಇರುವ ನೋವಿನ ಮಾತ್ರೆಗಳಲ್ಲಿ ಡೈಫೆನ್‌ಹೈಡ್ರಮಿನ್ ಇರುತ್ತದೆ. ನಿದ್ದೆಗೆ ಒಳ್ಳೆಯದು ಅಂತ ಅಪ್ಪನಿಗೆ ಕೊಟ್ಟು ಹೋಗುತ್ತೀರಿ, ಅದು ಬಿಯರ್ಸ್ ಪಟ್ಟಿಯಲ್ಲಿರುವ ಔಷಧಿ.

ಆಮೇಲೆ, ಭಾನುವಾರದ ವಿಡಿಯೋ ಕಾಲ್‌ನಲ್ಲಿ "ಮಾತ್ರೆ ತಗೊಂಡ್ರಾ" ಅಂತ ಕೇಳುವ ಬದಲು ಡಬ್ಬಿಯನ್ನೇ ತರಿಸಿ. ಪ್ರತಿ ಶೀಟನ್ನೂ ಕ್ಯಾಮೆರಾಗೆ ಹಿಡಿಯಲು ಹೇಳಿ, ಹೆಸರು, ಮಿಲಿಗ್ರಾಂ, ಯಾರು ಬರೆದರು, ಯಾವಾಗ ಶುರುವಾಯಿತು ಅಂತ ಒಂದು ಕಾಗದದಲ್ಲಿ ಬರೆದುಕೊಳ್ಳಿ. "ಯಾತಕ್ಕೆ" ಅನ್ನುವ ಕಡೆ ಖಾಲಿ ಉಳಿದ ಸಾಲುಗಳಿರುತ್ತವಲ್ಲ, ಅವನ್ನು ಅವರ ಡಾಕ್ಟರಿಗೆ ಕಳಿಸಿ.

ಬೇಡವಾದ ಮಾತ್ರೆ ತುಂಬಾ ಉಳಿದಿದೆ. ಬಿಸಾಡೋಕೆ ಮನಸ್ಸು ಬರಲ್ಲ.

ಗೊತ್ತು, ದುಡ್ಡು ಕೊಟ್ಟಿದ್ದೀರಿ. ಆದರೆ ಡಬ್ಬಿಯಲ್ಲೇ ಇದ್ದರೆ ಯಾವತ್ತೋ ಒಂದು ದಿನ ಅದು ಬಾಯಿಗೆ ಹೋಗುತ್ತದೆ, ಅಥವಾ ಕೆಲಸದವರಿಗೆ "ನಿಂಗೂ ಮಂಡಿನೋವಲ್ವಾ" ಅಂತ ದಾನ ಆಗುತ್ತದೆ. ಕತ್ತರಿಸದ, ಅವಧಿ ಇರುವ ಶೀಟನ್ನು ಬಿಲ್ ಸಮೇತ ತಂದರೆ ಕೆಲವು ಅಂಗಡಿಗಳು ವಾಪಸ್ ತೆಗೆದುಕೊಳ್ಳುತ್ತವೆ, ಕೇಳಿ ನೋಡಿ. ಉಳಿದದ್ದನ್ನು ಶೀಟಿನಿಂದ ಬಿಡಿಸಿ, ಫಿಲ್ಟರಿನಲ್ಲಿ ಉಳಿದ ಕಾಫಿ ಚರಟದ ಜೊತೆ ಕಲಸಿ, ಕವರಿಗೆ ಹಾಕಿ ಗಂಟು ಕಟ್ಟಿ ಕಸಕ್ಕೆ ಹಾಕಿ. ಮಕ್ಕಳು, ನಾಯಿ ಯಾರೂ ಮುಟ್ಟಲ್ಲ. ಇನ್ಸುಲಿನ್ ಸೂಜಿಗಳನ್ನು ಮಾತ್ರ ಹಾಗೆ ಹಾಕಬೇಡಿ, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ತುಂಬಿ ಹತ್ತಿರದ ಆಸ್ಪತ್ರೆಯಲ್ಲಿ ತೆಗೆದುಕೊಳ್ಳುತ್ತಾರಾ ಅಂತ ಕೇಳಿ.